ಚಪ್ಪಾಳೆ ಬಿದ್ದ ಮೇಲೆ

ಬೆಳಗಿನ ಮೊದಲ ಬಸ್ಸು ಪರಶುರಾಂಪುರ ಬಿಡುವ ಹೊತ್ತಿಗೆ ಕಾಂಚನಾ ಕಿಟಕಿ ಪಕ್ಕದ ಸೀಟು ಹಿಡಿದಾಗಿರುತ್ತದೆ. ಬುತ್ತಿಚೀಲ ಮಡಿಲಲ್ಲಿ, ಮೊಬೈಲು ಬಲಗೈಯಲ್ಲಿ. ಎಡಗೈ ಹೆಬ್ಬೆರಳಿಗೆ ಬೇರೆಯದೇ ಕೆಲಸ. ಪರದೆಯ ಮೇಲೆ ಕಮೆಂಟುಗಳು ಒಂದೊಂದಾಗಿ ಬಂದ ಹಾಗೆ ಬರೆದವರ ಹೆಸರನ್ನು ಅದು ಮುಚ್ಚಿಕೊಳ್ಳುತ್ತದೆ. ಅದೇನು ಗುಟ್ಟಪ್ಪಾ ಎಂದು ಪಕ್ಕದವರು ಕತ್ತು ಚಾಚಿ ನೋಡುವುದೂ ಉಂಟು.

"ಹೆಸರು ಕಂಡ್ರೆ ಮನಸ್ಸು ಆ ಕಡೀಗೆ ವಾಲ್ತೈತೆ ಕಣ್ರಿ. ಗುರ್ತಿನೋರು ಬರ್ದಿದ್ದೆಲ್ಲ ಚೆನ್ನಾಗೇ ಕಾಣ್ತೈತೆ" ಎನ್ನುತ್ತಾರೆ ಕಾಂಚನಾ.

ಮೊಳಕಾಲ್ಮುರು ಕಡೆಯ ಒಂದು ಹಳ್ಳಿಯಲ್ಲಿ ಗ್ರಂಥಾಲಯ ನೋಡಿಕೊಳ್ಳುವ ಆಶಾ ಶುರು ಮಾಡಿದ ಆನ್‌ಲೈನ್ ಬಳಗ 'ಸಂಜೆ ಓದು'. ದಿನಾ ಸಂಜೆ ಅಲ್ಲೊಂದು ಕತೆ ಬರುತ್ತದೆ. ಮೊದಲು ಬೆರಳೆಣಿಕೆಯ ಜನರಿದ್ದರು. ಈಗ ಎಲ್ಲೆಲ್ಲಿಂದಲೋ ಓದುಗರು ಬಂದು ಸೇರಿ, ರಾತ್ರಿ ಕಳೆಯುವುದರೊಳಗೆ ಮುನ್ನೂರು ನಾನ್ನೂರು ಕಮೆಂಟುಗಳು. ಅರ್ಧಕ್ಕರ್ಧ 'ಸೂಪರ್', ಉಳಿದರ್ಧದಲ್ಲಿ ಮುಕ್ಕಾಲು ಪಾಲು ಕೈಮುಗಿದ ಚಿತ್ರ. ಇವುಗಳ ನಡುವೆ ಕತೆಯನ್ನು ನಿಜಕ್ಕೂ ಓದಿ ಬರೆದ ಒಂದು ಮಾತನ್ನು ಹುಡುಕಿ, ಬಸ್ಸು ಚಳ್ಳಕೆರೆ ತಲುಪುವುದರೊಳಗೆ 'ದಿನದ ಮಾತು' ಎಂದು ಎಲ್ಲಕ್ಕಿಂತ ಮೇಲೆ ನಿಲ್ಲಿಸುವುದು ಕಾಂಚನಾ ಕೆಲಸ. ಸಂಬಳವಿಲ್ಲ, ಆರಿಸಿದವರು ಇವರೆಂದು ಹೊರಗಿನವರಿಗೆ ಗೊತ್ತೂ ಇಲ್ಲ. ಬಸ್ಸಿಳಿದರೆ ಎಣ್ಣೆ ಮಿಲ್ಲಿನಲ್ಲಿ ಸಂಜೆಯವರೆಗೆ ಶೇಂಗಾ ಬೀಜ ಆರಿಸುವ ಕೂಲಿ. "ಮನೇಲೂ ಆರ್ಸೋದು, ಮಿಲ್ಲಲ್ಲೂ ಆರ್ಸೋದು, ಬಸ್ಸಲ್ಲೂ ಆರ್ಸೋದು. ನನ್ನ ಹಣೇಲಿ ಬರೆದಿದ್ದೇ ಅದು" ಎಂದು ತಾವೇ ನಗುತ್ತಾರೆ.

ಹತ್ತನೇ ಕ್ಲಾಸಿಗೆ ಓದು ನಿಂತ ಹೆಣ್ಣುಮಗಳು. ಮದುವೆಯಾಗಿ ಬಂದ ಮನೆಯಲ್ಲಿ ಓದಲು ಇದ್ದದ್ದು ಕ್ಯಾಲೆಂಡರ್ ಒಂದೇ. ಹಾಗಾಗಿ ಆಶಾ ಈ ಕೆಲಸ ವಹಿಸಿದಾಗ ಹಿಗ್ಗಿ ಹೀರೇಕಾಯಿಯಾಗಿದ್ದರು. ಆ ಹಿಗ್ಗಿನೊಳಗೇ ಒಂದು ಅನುಮಾನ ಕೊರೆಯಲು ಶುರುವಾದದ್ದು ಕಳೆದ ವರ್ಷ. ತಾವು ಮೇಲೆ ನಿಲ್ಲಿಸಿದವರಲ್ಲಿ ಎಷ್ಟೋ ಮಂದಿ ಮತ್ತೆ ಬರೆಯುತ್ತಲೇ ಇರಲಿಲ್ಲ.

ನನ್ನಿವಾಳದ ಕುರಿಗಾಹಿ ಬೊಮ್ಮಣ್ಣನ ವಿಷಯದಲ್ಲಂತೂ ಅವರಿಗೆ ನಿದ್ದೆಯೇ ಹತ್ತಲಿಲ್ಲ. ಟಗರು ಮಾರಿದವನೊಬ್ಬನ ಕತೆಗೆ ಆತ ಹೀಗೆ ಬರೆದಿದ್ದ: "ಅವನು ಮನೆಗೆ ಬಂದು ಉಂಡ ಅಂತ ಬರ್ದೀರಿ. ನಾನು ಟಗರು ಮಾರಿ ಬಂದ ದಿನ ಹಗ್ಗ ಎಲ್ಲಿಡಬೇಕು ಅಂತ ತಿಳೀಲಿಲ್ಲ. ಕತ್ತಲಾಗೋವರ್ಗೂ ಹೆಗಲ ಮೇಲೆ ಹಾಕ್ಕಂಡೇ ತಿರುಗಿದೆ." ಅದನ್ನು ಓದಿ ಬಸ್ಸಿನಲ್ಲೇ ಕಾಂಚನಾ ಕಣ್ಣೊರೆಸಿಕೊಂಡರು. ಮೇಲೆ ನಿಲ್ಲಿಸಿದ್ದೇ ತಡ, ನೂರಾರು ಜನ ಬಂದು ಚಪ್ಪಾಳೆ ಚಿತ್ರ ಹಾಕಿದರು. ಅಲ್ಲಿಗೆ ಬೊಮ್ಮಣ್ಣ ಮೌನ. ವಾರ ಕಳೆಯಿತು, ತಿಂಗಳು ಕಳೆಯಿತು, ಮಾತಿಲ್ಲ.

"ಖುಷಿಯಾಗಿರ್ತಾರೆ ಬಿಡಕ್ಕ" ಎಂದು ಆಶಾ ಸಮಾಧಾನ ಹೇಳಿದರೂ ಕಾಂಚನಾಗೆ ಸಮಾಧಾನವಿಲ್ಲ. "ಒಳ್ಳೇದು ಮಾಡ್ತೀನಿ ಅಂತ ಹೋಗಿ ಬಾಯಿ ಮುಚ್ಚಿಸಿದ್ನೇನೋ. ಹಂಗಿದ್ರೆ ಈ ಕೆಲ್ಸಾನೇ ಬ್ಯಾಡ ಅನ್ಸಿತ್ತು" ಎನ್ನುತ್ತಾರೆ. ಕೊನೆಗೆ ಒಂದು ಭಾನುವಾರ ನನ್ನಿವಾಳದ ಬಸ್ಸು ಹತ್ತಿಯೇಬಿಟ್ಟರು.

ಬೊಮ್ಮಣ್ಣ ಕುರಿ ಹಟ್ಟಿಯ ಬಾಗಿಲಲ್ಲೇ ಸಿಕ್ಕ. "ಯಾಕೆ ಬರೀತಿಲ್ರಿ, ಬೇಜಾರಾಯ್ತಾ?" ಎಂದು ಇವರು ಕೇಳಿದರೆ, ಆತ ಪಿಳಿಪಿಳಿ ಕಣ್ಣು ಬಿಟ್ಟ. "ಬೇಜಾರ್ಯಾಕೆ ತಾಯಿ? ಅಷ್ಟು ಜನ ಚಪ್ಪಾಳೆ ಹೊಡುದ್ರಲ್ಲ. ಸಭೇಲಿ ಚಪ್ಪಾಳೆ ಬಿದ್ಮೇಲೆ ಕುಂದ್ರಬೇಕಲ್ವಾ? ಇನ್ನೂ ಮಾತಾಡ್ತಾ ನಿಂತ್ರೆ ಜನ ಏನಂತಾರೆ?"

ವಾಪಸು ಬರುವ ಬಸ್ಸಿನಲ್ಲಿ ಕಾಂಚನಾಗೆ ನಗು ತಡೆಯಲಾಗಲಿಲ್ಲ, ಜೊತೆಗೆ ಸಂಕಟವೂ ಆಯಿತು. ಆ ದಿನದಿಂದ ಅವರ ಕೆಲಸದ ರೀತಿ ಬದಲಾಗಿದೆ. ಆರಿಸಿದ ಮಾತನ್ನು ಸುಮ್ಮನೆ ಮೇಲೆ ನಿಲ್ಲಿಸುವುದಿಲ್ಲ, ಅದರ ಕೆಳಗೆ ತಮ್ಮದೊಂದು ಪ್ರಶ್ನೆ ಬರೆಯುತ್ತಾರೆ. ಕೇಳಿದ ಮೇಲೆ ಉತ್ತರ ಕೊಡದಿರುವುದು ಈ ಸೀಮೆಯ ಜನಕ್ಕೆ ಆಗದ ಮಾತು. ಈಗ ಒಬ್ಬೊಬ್ಬರಾಗಿ ಮರಳಿ ಬರುತ್ತಿದ್ದಾರೆ. ಬೊಮ್ಮಣ್ಣನ ಆ ಹಳೆಯ ಮಾತಿನ ಕೆಳಗೂ ಹೋಗಿ ಕೇಳಿದ್ದರು: "ಆ ಹಗ್ಗ ಈಗೆಲ್ಲೈತೆ?"

ಈ ದಿನ ಬಸ್ಸು ಚಳ್ಳಕೆರೆ ಮುಟ್ಟುವ ಮೊದಲೇ ಮೊಬೈಲು ಸದ್ದು ಮಾಡುತ್ತದೆ. ಹೆಬ್ಬೆರಳು ಮುಚ್ಚುವುದರೊಳಗೆ ಹೆಸರು ಕಂಡುಬಿಡುತ್ತದೆ. ಬೊಮ್ಮಣ್ಣ ಬರೆದಿದ್ದಾನೆ: "ಮೊಮ್ಮಗಳ ಜೋಲಿಗೆ ಕಟ್ಟೀನಿ. ಟಗರಿನ ವಾಸನೆ ಇನ್ನೂ ಹೋಗಿಲ್ಲ. ಮಗೀಗೆ ಅದೇನ್ ಗೊತ್ತು, ಚೆನ್ನಾಗಿ ನಿದ್ದೆ ಮಾಡ್ತೈತೆ. ಆ ಟಗರಿಂದು ಇನ್ನೊಂದು ವಿಷ್ಯ ಐತೆ, ನಾಳೆ ಹೇಳ್ತೀನಿ."

ಕಾಂಚನಾ ಅದನ್ನು ಎರಡು ಸಲ ಓದುತ್ತಾರೆ. ಮುಖ ಅರಳಿದೆ. ಇವತ್ತಿನ ದಿನದ ಮಾತು ಇದೇ ತಾನೇ ಎಂದು ಪಕ್ಕದಲ್ಲಿ ಕೂತವರು ಕೇಳಿದರೆ, ತಲೆ ಅಲ್ಲಾಡಿಸಿ ಮೊಬೈಲನ್ನು ಬುತ್ತಿಚೀಲಕ್ಕೆ ಸೇರಿಸುತ್ತಾರೆ.

"ಊಹೂಂ, ಇದ್ನ ಮೇಲೆ ನಿಲ್ಸಲ್ಲ. ಮತ್ತೆ ಚಪ್ಪಾಳೆ ಹೊಡುದ್ರೆ ಕುಂತ್ಬಿಡ್ತಾನೆ. ಮಾತಾಡ್ಲಿ ಬಿಡ್ರಿ."