ಸಹಿಯ ಮೇಲೆ ಬಿದ್ದ ಸೀಲು

ಗಲ್ಫಿಗೆ ಬಂದ ಮೊದಲ ವಾರವೇ ನಾನು ಕಲಿತ ಪಾಠ ಒಂದು: ಸೀಲ್ ಇಲ್ಲದ ಕಾಗದ ಕಾಗದವೇ ಅಲ್ಲ. ಮನೆ ಬಾಡಿಗೆಯ ಪತ್ರಕ್ಕೆ ಸೀಲ್, ಮಕ್ಕಳ ಶಾಲೆಗೆ ಕೊಡುವ ಪತ್ರಕ್ಕೆ ಸೀಲ್, ವೀಸಾದ ಅರ್ಜಿಗಂತೂ ಪುಟಪುಟಕ್ಕೂ ಸೀಲ್. ಸಹಿ ಯಾರು ಬೇಕಾದರೂ ಗೀಚಬಹುದು, ಸೀಲು ಮಾತ್ರ ಒಬ್ಬರ ಡ್ರಾಯರಿನಲ್ಲಿ ಇರುತ್ತದೆ. ಮಸ್ಕತ್ತಿನ ಖುರುಮ್‌ನಲ್ಲಿ ನಾನು ಕೆಲಸ ಮಾಡುವ ಇಂಗ್ಲಿಷ್ ಕಲಿಸುವ ಸಂಸ್ಥೆಯಲ್ಲಿ ಆ ಡ್ರಾಯರು ನನ್ನದು. ಅದರ ಕೀಲಿ ಹದಿನೇಳು ವರ್ಷಗಳಿಂದ ನನ್ನ ಬ್ಯಾಗಿನಲ್ಲಿದೆ. ಒತ್ತುವುದಕ್ಕೂ ಒಂದು ಕ್ರಮ ಉಂಟು. ಖಾಲಿ ಜಾಗದಲ್ಲಿ ಒತ್ತಿದರೆ ಅದು ಅರೆಬರೆ ಕೆಲಸ. ಅರ್ಧ ಸಹಿಯ ಮೇಲೆ, ಅರ್ಧ ಹೊರಗೆ ಬೀಳಬೇಕು. ಆಗ ಆ ಸಹಿ ನನ್ನದಲ್ಲ ಎಂದು ಯಾರಿಂದಲೂ ಹೇಳಲಾಗದು. ನನ್ನ ಈ ಜಾಣತನವೇ ಒಮ್ಮೆ ನನಗೆ ಮುಳುವಾಯಿತು.

ನಮ್ಮಲ್ಲಿ ಪಾಠ ಮಾಡುವ ಅಮೆರಿಕದ ಟೀಚರಿಗೆ ಅರವತ್ತು ದಾಟಿದೆ. ಸಂಜೆ ಐದಕ್ಕೆ ತರಗತಿ ಮುಗಿದ ಮೇಲೆ ಎಲ್ಲರೂ ಮನೆಗೆ ಓಡುವಾಗ ಅವರು ಖಾಲಿ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದರು. ಆಗ ಅವರ ಊರಿನಲ್ಲಿ ಬೆಳಿಗ್ಗೆ ಒಂಬತ್ತು. ಅಲ್ಲಿನ ಒಬ್ಬೊಬ್ಬ ಮತದಾರರಿಗೂ ಹೆಸರು ಹಿಡಿದು ಸಂದೇಶ ಕಳಿಸುವುದು ಅವರ ಕೆಲಸ. ಆ ಊರಿನಲ್ಲಿ ಸಿಟಿ ಬಸ್ ಓಡಿಸುವ ಹೆಂಗಸೊಬ್ಬಳು ರಾಜ್ಯದ ಶಾಸನಸಭೆಗೆ ನಿಂತಿದ್ದಳು. ಎದುರಾಳಿ ಅವಳದೇ ಪಕ್ಷದ ಹಳೆಯ ಹುಲಿ. ಅಲ್ಲಿ ಟಿಕೆಟ್ ಯಾರಿಗೆಂದು ಹೈಕಮಾಂಡ್ ಹೇಳುವುದಿಲ್ಲವಂತೆ, ಅದಕ್ಕೂ ಊರವರೇ ವೋಟು ಹಾಕಬೇಕಂತೆ. ಎಲ್ಲರಿಗೂ ಔಷಧ ಸಿಗಬೇಕು, ಬಾಡಿಗೆಗೆ ಒಂದು ಮಿತಿ ಬೇಕು, ಕಂಪೆನಿಗಳು ಚುನಾವಣೆಯಿಂದ ದೂರ ಇರಬೇಕು ಎನ್ನುವ ಒಂದು ಗುಂಪು ಆಕೆಯ ಹಿಂದಿತ್ತು. ನಮ್ಮ ಟೀಚರ್ ಆ ಗುಂಪಿನವರು.

ನಮ್ಮ ಅಕೌಂಟೆಂಟ್ ಶಿರ್ವ ಕಡೆಯವರು, ಮನೆಮಾತು ಕೊಂಕಣಿ, ನನಗಿಂತ ಹಿರಿಯರು. ಮಧ್ಯಾಹ್ನದ ಊಟಕ್ಕೆ ಕೂತಾಗ ಅವರದ್ದು ಒಂದೇ ರಾಗ.

"ಅಲ್ಲ ಮಾರಾಯ್ರೆ, ಅಮೆರಿಕದಲ್ಲಿ ಎಂತ ಬದಲಾಗ್ಲಿಕ್ಕೆ ಉಂಟು? ಬಸ್ಸಿನವಳು ಹೋಗಿ ಅಲ್ಲಿ ಕೂತ್ರೆ ಎರಡು ವರ್ಷದಲ್ಲಿ ಅಲ್ಲಿಯವ್ರು ಅವಳನ್ನೂ ತಮ್ಮ ಹಾಗೇ ಮಾಡಿ ಬಿಡ್ತಾರೆ."

ನಾನೂ ಅದನ್ನೇ ಇಂಗ್ಲಿಷಿಗಿಳಿಸಿ ಟೀಚರಿಗೆ ಹೇಳುತ್ತಿದ್ದೆ. ಮೇಲೊಂದಿಷ್ಟು ಖಾರ ಸೇರಿಸುತ್ತಿದ್ದೆ. "ನಮ್ಮಲ್ಲಿ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರೆ. ನಿಮ್ಮ ಒಂದು ವೋಟು, ಒಂದು ಸೀಟು, ಅಷ್ಟೇ" ಎಂದಿದ್ದೆ ಒಮ್ಮೆ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚು. ಅವರು ಮಸ್ಕತ್ತಿನಲ್ಲಿ ಕೂತು ವೋಟು ಹಾಕಬಹುದು. ನಾನು ಹಾಕಬೇಕಾದರೆ ರಜೆ ಕೇಳಿ, ಟಿಕೆಟ್ ಮಾಡಿ, ನನ್ನೂರು ಮೂಲ್ಕಿಗೇ ಹೋಗಿ ಸಾಲಿನಲ್ಲಿ ನಿಲ್ಲಬೇಕು. ನಮ್ಮ ರಜೆ ಬರುವುದು ಮಕ್ಕಳ ಶಾಲೆಯ ಲೆಕ್ಕಕ್ಕೆ, ಚುನಾವಣೆಯ ಲೆಕ್ಕಕ್ಕಲ್ಲ. ಮದುವೆಯಾದ ವರ್ಷವೇ ಇಲ್ಲಿಗೆ ಬಂದವಳು ನಾನು. ಇಷ್ಟು ವಯಸ್ಸಾದರೂ ಬೆರಳಿಗೆ ಶಾಯಿ ತಾಗಿಲ್ಲ.

ಟೀಚರ್ ಸಿಟ್ಟಾಗಲಿಲ್ಲ. "ಒಂದು ಸೀಟಿನಿಂದ ದೇಶ ಬದಲಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಸೀಟಿಗೆ ಹೆದರಿ ಪಕ್ಕದ ಸೀಟಿನವನು ಸ್ವಲ್ಪ ಸರಿದು ಕೂರುತ್ತಾನೆ. ಕಳೆದ ಸಲ ಅವಳು ಸೋತದ್ದು ಅವಳ ಒಂದು ಬಸ್ಸಿನಲ್ಲಿ ಹಿಡಿಸುವಷ್ಟು ವೋಟಿನಿಂದ" ಎಂದರು.

ಚುನಾವಣೆಗೆ ಒಂಬತ್ತು ದಿನ ಇರುವಾಗ, ಭಾನುವಾರ ಬೆಳಿಗ್ಗೆ, ಅವರು ಒಂದು ಲಕೋಟೆ ಹಿಡಿದು ನನ್ನ ಮೇಜಿಗೆ ಬಂದರು. ಒಳಗೆ ಮತಪತ್ರ. ಹೊರಗೆ ಅವರ ಸಹಿ, ಅದರ ಕೆಳಗೆ ಸಾಕ್ಷಿಯ ಸಹಿ ಬೇಕು. ಅವರ ರಾಜ್ಯದ ನಿಯಮ ಹಾಗೆ. ಸಾಕ್ಷಿ ಯಾರಾದರೂ ಆಗಬಹುದು. "ನೀವು ಆಗುತ್ತೀರಾ?" ಎಂದು ಕೇಳಿದರು. ನನಗೆ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ? ನನ್ನ ಕಣ್ಣೆದುರೇ ಸಹಿ ಹಾಕಿದರು. ಅಷ್ಟರಲ್ಲಿ ತರಗತಿಯ ಹೊತ್ತಾಯಿತು. ಕೊರಿಯರಿಗೆ ಕೊಟ್ಟುಬಿಡಿ ಎಂದು ಹೇಳಿ ಹೋದರು.

ನಾನು ಹೆಸರು, ವಿಳಾಸ ಬರೆದು ಸಹಿ ಮಾಡಿದೆ. ನೋಡಿದರೆ ಲಕೋಟೆ ಬೋಳುಬೋಳಾಗಿ ಕಂಡಿತು. ಅಮೆರಿಕದ ಸರಕಾರಕ್ಕೆ ಹೋಗುವ ಕಾಗದ, ಯಾರೋ ಹಾದಿಹೋಕಳು ಸಹಿ ಹಾಕಿದಂತಿದ್ದರೆ ಹೇಗೆ? ಡ್ರಾಯರು ತೆರೆದೆ, ಸೀಲ್ ತೆಗೆದೆ, ಇಂಕು ಚೆನ್ನಾಗಿ ಮೆತ್ತಿಸಿ ಒತ್ತಿದೆ. ಕ್ರಮ ತಪ್ಪಲಿಲ್ಲ. ಅರ್ಧ ಅವರ ಸಹಿಯ ಮೇಲೆ, ಅರ್ಧ ಹೊರಗೆ. ಹನ್ನೊಂದಕ್ಕೆ ಕೊರಿಯರಿನವನು ಬಂದು ಒಯ್ದ.

ಮರುದಿನ ಚಹಾದ ಹೊತ್ತಿಗೆ ಟೀಚರ್ ಹೀಗೇ ಮಾತಿಗೆ ಹೇಳಿದರು. ಲಕೋಟೆ ಅಲ್ಲಿ ಮುಟ್ಟಿದ ಮೇಲೆ ಅದರ ಮೇಲಿನ ಸಹಿಯನ್ನು ಕಚೇರಿಯಲ್ಲಿರುವ ಹಳೆಯ ಸಹಿಯೊಂದಿಗೆ ಹೋಲಿಸುತ್ತಾರಂತೆ. ಹೊಂದದಿದ್ದರೆ, ಸರಿಯಾಗಿ ಕಾಣದಿದ್ದರೆ ಲಕೋಟೆ ತೆರೆಯುವುದೇ ಇಲ್ಲವಂತೆ. ಅವರ ಗೆಳತಿಯೊಬ್ಬಳದ್ದು ಸಹಿಯ ಮೇಲೆ ಕಾಫಿ ಚೆಲ್ಲಿದ್ದಕ್ಕೆ ಹೋಯಿತಂತೆ.

ಕಾಫಿಯ ಕಲೆಯಾದರೂ ತೆಳುವಾಗಿರುತ್ತದೆ. ನನ್ನದು ಕಡು ನೀಲಿ ಸೀಲು, ಇಂಗ್ಲಿಷಿನಲ್ಲೂ ಅರಬಿಯಲ್ಲೂ ಅಕ್ಷರ, ನಡುವೆ ಒಂದು ಖರ್ಜೂರದ ಮರ ಬೇರೆ. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಕೊರಿಯರ್ ಕಚೇರಿಗೆ ಫೋನ್ ಮಾಡಿದೆ. ಲಕೋಟೆ ಆಗಲೇ ದುಬೈ ದಾಟಿತ್ತು.

ಅಕೌಂಟೆಂಟರಿಗೆ ಮಾತ್ರ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸೀಲ್ ಹಾಕಿದ್ರಾ? ಚುನಾವಣೆ ಕಾಗದಕ್ಕೆ? ನಿಮಗೆ ತಲೆ ಉಂಟಾ ಮಾರಾಯ್ರೆ?"

"ಅಭ್ಯಾಸ ಅಲ್ವಾ, ಕೈ ತನ್ನಷ್ಟಕ್ಕೇ ಹೋಯ್ತು."

"ಅರ್ಬಾಬಿಗೆ ಗೊತ್ತಾದ್ರೆ ಎಂತ ಹೇಳ್ತೀರಿ? ಆ ಡ್ರೈವರ್‌ನ ಕತೆ ಮರ್ತು ಹೋಯ್ತಾ?"

ಮರೆತಿರಲಿಲ್ಲ. ಅರ್ಬಾಬ್ ಎಂದರೆ ನಮ್ಮ ಮಾಲೀಕರು, ಒಳ್ಳೆಯ ಮನುಷ್ಯ. ಆದರೆ ಸೀಲಿನ ವಿಷಯದಲ್ಲಿ ಕಲ್ಲು. ಹಿಂದೆ ನಮ್ಮ ಡ್ರೈವರ್ ಗೆಳೆಯನೊಬ್ಬನ ವೀಸಾ ಪತ್ರಕ್ಕೆ ಕದ್ದು ಸೀಲ್ ಒತ್ತಿ, ಒಂದೇ ತಿಂಗಳಲ್ಲಿ ಊರು ಸೇರಿದ. ನನ್ನದು ಅದಕ್ಕಿಂತ ದೊಡ್ಡದು, ಬೇರೆ ದೇಶದ ರಾಜಕೀಯದ ಕಾಗದ. ಪರದೇಶದಲ್ಲಿರುವವರು ರಾಜಕೀಯದ ಸುದ್ದಿಗೆ ಹೋಗಬಾರದು ಎನ್ನುವುದು ನಾವು ಹಾಲಿನ ಜೊತೆ ಮಕ್ಕಳಿಗೆ ಕುಡಿಸುವ ಮಾತು.

"ಖಲಾಸ್, ಬಿಟ್ಟುಬಿಡಿ. ಆ ಬಸ್ಸಿನವಳು ಹೇಗೂ ಸೋಲ್ತಾಳೆ. ಒಂದು ವೋಟು ಹೋದ್ರೆ ಯಾರಿಗೆ ಗೊತ್ತಾಗ್ತದೆ? ನೀವೇ ಹೇಳ್ತಿದ್ರಿ ಅಲ್ವಾ, ಅರೆಕಾಸಿನ ಮಜ್ಜಿಗೆ ಅಂತ."

ನನ್ನ ಮಾತನ್ನೇ ನನಗೆ ತಿರುಗಿಸಿ ಕೊಟ್ಟರು. ಸೋಮವಾರ, ಮಂಗಳವಾರ ಅದೇ ಮಾತನ್ನು ಹಿಡಿದುಕೊಂಡು ಓಡಾಡಿದೆ. ಟೀಚರ್ ಎದುರು ಬಂದರೆ ಫೈಲಿನಲ್ಲಿ ಮುಖ ಹುದುಗಿಸುವುದು. ಅವರು "ಲಕೋಟೆ ಎಲ್ಲಿಗೆ ಮುಟ್ಟಿತೋ" ಎಂದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದು. ಮನೆಯಲ್ಲಿ ಮಕ್ಕಳ ಮೇಲೆ ರೇಗಾಡಿದೆ. ನಾವಿರುವ ವಾದಿ ಕಬೀರಿನಿಂದ ಜೊತೆಯಾಗಿ ಕಾರಿನಲ್ಲಿ ಬರುವವರು "ಹುಷಾರಿಲ್ವಾ?" ಎಂದು ಕೇಳಿದರು.

ಬುಧವಾರ ಸಂಜೆ ಮನೆಗೆ ಹೊರಟವಳು ಅವರ ಕೋಣೆಯ ಬಾಗಿಲಲ್ಲಿ ನಿಂತೆ. ಅವರು ಬೆನ್ನು ಬಾಗಿಸಿ ಎರಡು ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ಪಕ್ಕದಲ್ಲಿ ಹೆಸರುಗಳ ಪಟ್ಟಿ, ಒಂದೊಂದಕ್ಕೂ ಪೆನ್ಸಿಲಿನ ಗುರುತು. ಎಷ್ಟು ಜನ ಉತ್ತರ ಕೊಟ್ಟರು ಎಂದು ಕೇಳಿದೆ. ಇವತ್ತು ಮೂವರು, ಅದರಲ್ಲಿ ಒಬ್ಬ ಬೈದ ಎಂದು ನಕ್ಕರು. ಆ ನಗು ನೋಡಿ ನನಗೆ ನಾಚಿಕೆಯಾಯಿತು. ಮೂರು ಉತ್ತರಕ್ಕಾಗಿ ಈ ವಯಸ್ಸಿನಲ್ಲಿ ದಿನಾ ಇಲ್ಲಿ ಕೂತು ಬೆನ್ನು ಮುರಿದುಕೊಳ್ಳುವವರ ಸ್ವಂತ ವೋಟನ್ನೇ ನಾನು ಹಾಳು ಮಾಡಿದ್ದೆ. ಒಂದು ವೋಟಿನಿಂದ ಏನೂ ಆಗದು ಎಂದು ನಾನು ನಿಜವಾಗಿ ನಂಬಿದ್ದರೆ ಮೂರು ದಿನದಿಂದ ಅನ್ನ ಯಾಕೆ ಸೇರುತ್ತಿರಲಿಲ್ಲ? ಬಾಯಿಮಾತಿಗೆ ಹೇಳಿದ ತತ್ತ್ವ ಹೊಟ್ಟೆಗೆ ಇಳಿದಿರಲಿಲ್ಲ.

ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಹೆಸರುಗಳ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಸಹಿ ಪೂರ್ತಿ ಮುಚ್ಚಿದೆಯಾ?" ಎಂದು ಕೇಳಿದರು.

"ಅರ್ಧ."

"ಯಾವ ಅರ್ಧ?"

"ಮೊದಲಿನ ಅರ್ಧ. ಹೆಸರು."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

ಕೆಲಸ ಹೋಗುವ ಭಯ ಎಂದೆ. ಅವರು ಹೌದು ಎನ್ನುವಂತೆ ತಲೆಯಾಡಿಸಿದರು, ಆದರೆ ನನ್ನ ಮುಖ ನೋಡಲಿಲ್ಲ. ತಮ್ಮ ಊರಿನ ಚುನಾವಣಾ ಕಚೇರಿಗೆ ಇಮೇಲ್ ಬರೆಯತೊಡಗಿದರು. ನೀವು ಹೋಗಿ ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಉತ್ತರ ಬಂದದ್ದು ಶುಕ್ರವಾರ, ನಮ್ಮ ರಜೆಯ ದಿನ. ಹಾಳಾದ ಲಕೋಟೆಯನ್ನು ಪಕ್ಕಕ್ಕಿಟ್ಟು ಹೊಸ ಮತಪತ್ರವನ್ನು ಇಮೇಲಿನಲ್ಲಿ ಕಳಿಸುತ್ತೇವೆ, ಮುದ್ರಿಸಿ ಭರ್ತಿ ಮಾಡಿ ವಾಪಸು ಕಳಿಸಿ ಎಂದಿದ್ದರು. ಆದರೆ ವಾಪಸು ಬರಬೇಕಾದದ್ದು ಇಮೇಲಿನಲ್ಲಲ್ಲ, ಫ್ಯಾಕ್ಸಿನಲ್ಲಿ. ಈ ಕಾಲದಲ್ಲಿ ಫ್ಯಾಕ್ಸ್! ಅಮೆರಿಕ ಎಂದರೆ ನಾನು ಏನೇನೋ ಅಂದುಕೊಂಡಿದ್ದೆ.

ಆ ಯಂತ್ರ ನಮ್ಮಲ್ಲಿ ಇತ್ತು. ಸ್ಟೋರ್ ರೂಮಿನಲ್ಲಿ, ಹಳೆಯ ಪರೀಕ್ಷೆ ಪತ್ರಿಕೆಗಳ ಕೆಳಗೆ. ಅದನ್ನು ನಡೆಸಲು ಗೊತ್ತಿದ್ದವರು ಅಕೌಂಟೆಂಟ್ ಒಬ್ಬರೇ. ಬಿಟ್ಟುಬಿಡಿ ಎಂದವರೇ ಭಾನುವಾರ ತೋಳು ಮಡಚಿ, ಬಟ್ಟೆಯಲ್ಲಿ ಧೂಳು ಒರೆಸಿ, ಎಲ್ಲಿಂದಲೋ ವಯರು ಎಳೆದು ತಂದರು. "ನಾನು ಹೇಳಿದ್ದು ಬೇರೆ ವಿಷಯ, ಈಗ ಕೆಲಸ ಬೇರೆ ವಿಷಯ" ಎಂದರು, ನಾನು ಏನೂ ಕೇಳದಿದ್ದರೂ.

ಸೋಮವಾರ ಸಂಜೆ ಐದಕ್ಕೆ ಅಲ್ಲಿನ ಕಚೇರಿ ತೆರೆಯುವ ಹೊತ್ತಿಗೆ ಮೂವರೂ ಸ್ಟೋರ್ ರೂಮಿನಲ್ಲಿದ್ದೆವು. ಟೀಚರ್ ಮತಪತ್ರ ತುಂಬಿ ತಂದಿದ್ದರು. ಜೊತೆಗೆ ಇನ್ನೊಂದು ಹಾಳೆ. ಅದನ್ನು ಅವರು ಓದಿ ಹೇಳಿದರು. ಫ್ಯಾಕ್ಸಿನಲ್ಲಿ ಕಳಿಸಿದ ವೋಟನ್ನು ಕಚೇರಿಯವರು ನೋಡುತ್ತಾರೆ, ಆದ್ದರಿಂದ ಗುಟ್ಟಿನ ಮತದಾನದ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂದು ಸಹಿ ಹಾಕಬೇಕು. ಮೊದಲೇ ಫ್ಯಾಕ್ಸ್ ಮಾಡಬಹುದಿತ್ತಂತೆ. ಇದೊಂದು ಹಾಳೆಗೆ ಸಹಿ ಹಾಕುವುದು ಬೇಡವೆಂದೇ ಅವರು ಲಕೋಟೆ ಕಳಿಸಿದ್ದಂತೆ.

"ಯಾರಿಗೆ ವೋಟು ಹಾಕಿದೆ ಅಂತ ನನ್ನ ಅಮ್ಮ ಸಾಯುವವರೆಗೂ ಅಪ್ಪನಿಗೆ ಹೇಳಲಿಲ್ಲ" ಎಂದರು. ಸಹಿ ಹಾಕಿದರು.

ಸಾಕ್ಷಿಯ ಸಾಲು ಮತ್ತೆ ಖಾಲಿ ಇತ್ತು. ಅವರು ಹಾಳೆಯನ್ನು ನನ್ನ ಕಡೆಗೆ ಸರಿಸಿದರು. ನನ್ನನ್ನೇ ಮತ್ತೆ ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ, ಕಣ್ಣು ತುಂಬಿತು. ಬ್ಯಾಗಿನಿಂದ ಡ್ರಾಯರಿನ ಕೀಲಿ ತೆಗೆದು ಅವರ ಕೈಯಲ್ಲಿಟ್ಟು, ಆಮೇಲೆ ಸಹಿ ಹಾಕಿದೆ. ಅವರು ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

ಮೊದಲ ಸಲ ಲೈನ್ ಬ್ಯುಸಿ. ಎರಡನೆಯ ಸಲವೂ ಬ್ಯುಸಿ. ಮೂರನೆಯ ಸಲ ಯಂತ್ರ ಕಿರುಚತೊಡಗಿತು. ಅದೇ ಹೊತ್ತಿಗೆ ಹೊರಗೆ ಅರ್ಬಾಬಿನ ದನಿ ಕೇಳಿಸಿತು. ಅವರು ಸೋಮವಾರ ಸಂಜೆ ಬರುವವರಲ್ಲ. ಚಪ್ಪಲಿಯ ಸದ್ದು ಹತ್ತಿರ ಬಂದು ಬಾಗಿಲು ತೆರೆಯಿತು. ಬಿಳಿ ದಿಶ್ದಾಶದ ನಿಲುವಂಗಿಯಲ್ಲಿ ನಿಂತು ನಮ್ಮ ಮೂವರನ್ನೂ ನೋಡಿದರು, ಆಮೇಲೆ ಯಂತ್ರವನ್ನು ನೋಡಿದರು.

"ಇದು ಇನ್ನೂ ಬದುಕಿದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಬದುಕಿದೆ ಸರ್" ಎಂದರು ಅಕೌಂಟೆಂಟ್.

ಅವರು ನಕ್ಕು ಬಾಗಿಲು ಎಳೆದುಕೊಂಡು ಹೋದರು.

ಯಂತ್ರ ಹಾಳೆಗಳನ್ನು ಒಂದೊಂದಾಗಿ ಎಳೆದುಕೊಳ್ಳುತ್ತಿತ್ತು. ಮತಪತ್ರದ ಸರದಿ ಬಂದಾಗ ಅಕೌಂಟೆಂಟ್ ನನ್ನ ಮೊಣಕೈ ತಟ್ಟಿದರು. ಇಬ್ಬರೂ ಗೋಡೆಯ ಕಡೆಗೆ ತಿರುಗಿ ನಿಂತೆವು. ಅಲ್ಲಿನ ಕಚೇರಿಯವರು ನೋಡಲಿ, ನಾವು ನೋಡುವುದು ಬೇಡ. ಗೋಡೆಗೆ ಅಂಟಿಸಿದ್ದ ಹಳೆಯ ಕ್ಯಾಲೆಂಡರಿನ ಮೇಲೆ ಕಣ್ಣಿಟ್ಟು, ಸದ್ದು ನಿಲ್ಲುವವರೆಗೂ ಹಾಗೇ ನಿಂತಿದ್ದೆವು.

ಬುಧವಾರ ಫಲಿತಾಂಶ ಬಂತು. ಬಸ್ಸಿನವಳು ಸೋತಳು. ಈ ಸಲ ಅಂತರ ಇನ್ನೂ ಕಡಿಮೆ, ಆದರೆ ಸೋಲು ಸೋಲೇ. ಅಕೌಂಟೆಂಟ್ "ನಾನು ಹೇಳಿದ್ದೆ" ಎನ್ನಲಿಲ್ಲ, ಟಿಫಿನ್ ಡಬ್ಬಿಯ ಮುಚ್ಚಳ ತೆಗೆಯಲು ಬಹಳ ಹೊತ್ತು ತೆಗೆದುಕೊಂಡರು. ನನಗೆ ಕೆಟ್ಟ ಸಿಟ್ಟು ಬಂತು. ನೋಡದ ಊರು, ಕಾಣದ ಹೆಂಗಸು, ನನಗೇಕೆ ಸಿಟ್ಟು? ಟೀಚರನ್ನು ನೇರವಾಗಿ ಕೇಳಿಯೇಬಿಟ್ಟೆ.

"ಇದೆಲ್ಲ ನಿಜವಾಗಿ ಬದಲಾಗುತ್ತದಾ?"

"ಗೊತ್ತಿಲ್ಲ. ನಾನು ನೋಡಲಿಕ್ಕಿಲ್ಲ" ಎಂದರು. ಮತ್ತೆ, ಮುಂದಿನ ವಾರದಿಂದ ಖಾಲಿ ಕೋಣೆ ಸಂಜೆ ಸಿಗುತ್ತದಾ ಎಂದು ಕೇಳಿದರು.

ಹೋಗುವಾಗ ನನ್ನ ಮೇಜಿನ ಮೇಲೆ ಕೀಲಿಯನ್ನೂ ಒಂದು ಹಾಳೆಯನ್ನೂ ಇಟ್ಟರು. ಅವರ ಊರಿನ ಕಚೇರಿಯಿಂದ ಬಂದದ್ದು. ಮತ ಬಂದಿದೆ, ಸಹಿ ಹೊಂದಿದೆ, ಸಾಕ್ಷಿ ಸರಿಯಿದೆ, ಎಣಿಕೆಯಾಗಿದೆ. ಸಾಕ್ಷಿ ಎಂಬಲ್ಲಿ ನನ್ನ ಹೆಸರು. ಮೂಲ್ಕಿಯ ಮತದಾರರ ಪಟ್ಟಿಯಲ್ಲಿ ಅದು ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಯಾವತ್ತೂ ಹುಡುಕಿ ನೋಡಿದವಳಲ್ಲ. ನನ್ನ ಹೆಸರಿನ ಜೊತೆ ಈ ಲೋಕದಲ್ಲಿ ಎಣಿಕೆಯಾದ ವೋಟು ಅದೊಂದೇ, ಅದೂ ಸೋತವರ ಲೆಕ್ಕದಲ್ಲಿ.

ಹಾಳೆಯನ್ನು ಡ್ರಾಯರಿನಲ್ಲಿ ಸೀಲಿನ ಪಕ್ಕ ಇಟ್ಟು ಬೀಗ ಹಾಕಿದೆ. ಆಮೇಲೆ ಫೋನ್ ತೆಗೆದು ಮೂಲ್ಕಿಯ ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಹುಡುಕತೊಡಗಿದೆ.