ಉಪ್ಪುನೀರಿನ ಗಡಿಯಾರ

ನನಗೆ ಈಜು ಬರುವುದಿಲ್ಲ. ಆದರೂ ದಿನಾ ಬೆಳಿಗ್ಗೆ ಕಚ್ಚೆ ಬಿಗಿದು ಈಜುಕೊಳಕ್ಕೆ ಇಳಿಯುತ್ತೇನೆ. ಎದೆಮಟ್ಟದ ನೀರಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದು, ತಿರುಗಿ ಬರುತ್ತೇನೆ. ನೋಡಿದವರಿಗೆ ಎಮ್ಮೆ ನೆನಪಾಗುತ್ತದಂತೆ. ಆಗಲಿ. ಎಮ್ಮೆ ಮೊಣಕಾಲು ಹಿಡಿದುಕೊಂಡು ನರಳಿದ್ದನ್ನು ನಾನಂತೂ ಕಂಡಿಲ್ಲ.

ಕೊಳ ನನ್ನ ಅಳಿಯ ಹನುಮಂತುವಿನದು. ಎದುರಿಗೆ ಅಳಿಯಾರ ಎಂದೇ ಕರೆಯುತ್ತೇನೆ. ಬರೆಯುವಾಗ ಅಷ್ಟು ಮರ್ಯಾದೆಗೆ ಕಾಗದ ಸಾಲದು. ತೆಲಂಗಾಣ ಬಂತು, ಗದ್ವಾಲ ಜಿಲ್ಲೆಯಾಯಿತು, ಆಮೇಲೆ ನಮ್ಮ ನಾರಾಯಣಪೇಟೆಯೂ ಆಯಿತು. ಊರು ಜಿಲ್ಲೆಯಾದ ಕೂಡಲೇ ಜನರಿಗೆ ಮನೆಯಂಗಳದಲ್ಲಿ ಮದುವೆ ಮಾಡಲು ನಾಚಿಕೆ ಬಂತು. ಅದನ್ನು ನೋಡಿ ಅಳಿಯ ಮಕ್ತಲ್ ಆಚೆ ರಸ್ತೆಬದಿಯ ಹೊಲದಲ್ಲಿ ಫಂಕ್ಷನ್ ಹಾಲ್ ಕಟ್ಟಿಸಿದ. ಹಾಲ್ ಎಂದ ಮೇಲೆ ಕೊಳ ಬೇಕಂತೆ. ಯಾಕೆಂದು ಕೇಳಿದೆ, ಎಲ್ಲರೂ ಇಟ್ಟಿದ್ದಾರೆ ಎಂದ. ನಾನು ಕಾಲುನೋವಿಗೆಂದು ಮಗಳ ಮನೆಗೆ ಬಂದವಳು. ಡಾಕ್ಟರು ನೀರಿನಲ್ಲಿ ನಡೆಯಲು ಹೇಳಿದರು. ನೀರು ಇಲ್ಲೇ ಸುಮ್ಮನೆ ನಿಂತಿತ್ತು. ಇಳಿದೆ. ಮೆಟ್ಟಿಲಿಗೆ ಅಳುತ್ತಿದ್ದ ಕಾಲು ಈಗ ಬೈಯುತ್ತಾ ಹತ್ತುತ್ತದೆ. ನನಗೆ ಅಷ್ಟು ಸಾಕು.

ಈ ನೀರಿಗೆ ಮೂಟೆಗಟ್ಟಲೆ ಉಪ್ಪು ಹಾಕುತ್ತಾರೆ. ಮೊದಲ ಸಲ ಸುರಿಯುವಾಗ ನನ್ನ ಬೀಗತಿ ಮಲ್ಲಮ್ಮ, ಎಂದರೆ ಅಳಿಯನ ತಾಯಿ, ಇದೇನು ಉಪ್ಪಿನಕಾಯಿಯೇ ಎಂದು ಕೇಳಿದರು. ಅದರೊಳಗೆ ಇಳಿಯುವ ಕಾಯಿ ನಾನೇ ಎಂದು ತಿಳಿದ ಮೇಲೆ ಬಹಳ ಹೊತ್ತು ನಕ್ಕರು. ಸಂಗತಿ ಇಷ್ಟೇ: ಪಂಪು ನೀರನ್ನು ಒಂದು ಕೊಳವೆಯೊಳಗೆ ಓಡಿಸುತ್ತದೆ, ಅಲ್ಲಿ ಯಂತ್ರವೊಂದು ಉಪ್ಪುನೀರಿಗೆ ಕರೆಂಟು ಮುಟ್ಟಿಸಿ ಕ್ಲೋರಿನ್ ಮಾಡುತ್ತದೆ, ಕ್ಲೋರಿನ್ ಪಾಚಿಯನ್ನು ಕೊಲ್ಲುತ್ತದೆ. ಪಂಪನ್ನು ಕಾವಲುಗಾರ ಬೆಳಿಗ್ಗೆ ಹಾಕಿ ಮಧ್ಯಾಹ್ನ ಆರಿಸುತ್ತಾನೆ. ಯಂತ್ರವನ್ನು ಎಬ್ಬಿಸಿ ಮಲಗಿಸುವುದಕ್ಕೆ ಒಂದು ಡಬ್ಬಿಯೊಳಗೆ ಟೈಮರ್ ಇದೆ. ಅಂಗೈಯಗಲದ ಬಿಲ್ಲೆ, ಸುತ್ತಲೂ ಗಂಟೆಯ ಅಂಕಿ, ಹಲ್ಲಿನಂಥ ಮೊಳೆ, ನಡುವೆ ಗಂಟೆ ತೋರಿಸುವ ಒಂದು ಬಾಣದ ಗುರುತು. ಬಿಲ್ಲೆ ದಿನಕ್ಕೊಂದು ಸುತ್ತು ತಿರುಗುತ್ತದೆ. ನನ್ನ ಗಂಡನಿಗಿಂತ ಹೆಚ್ಚು ಶಿಸ್ತು ಅದಕ್ಕಿದೆ ಎಂದುಕೊಂಡಿದ್ದೆ.

ಆಮೇಲೆ ನೀರು ಹಸಿರಾಯಿತು. ಮೊದಲು ಎಳೆಯ ಹೆಸರುಕಾಳಿನ ಹಸಿರು, ಬರಬರುತ್ತಾ ಪುಂಡಿಸೊಪ್ಪಿನ ಪಲ್ಲೆಯ ಹಸಿರು. ಅಷ್ಟರಲ್ಲಿ ಗದ್ವಾಲದವರದೊಂದು ಮದುವೆ ಗೊತ್ತಾಗಿತ್ತು. ಈಗಿನ ಹೊಸ ಪದ್ಧತಿಯಂತೆ ಅರಿಶಿನ ಹಚ್ಚುವುದು ಕೊಳದ ದಡದಲ್ಲಿ, ಆಮೇಲೆ ಹೆಣ್ಣುಮಕ್ಕಳೆಲ್ಲ ನೀರಿಗಿಳಿಯುವುದು. ಅಳಿಯ ಒಂದೇ ಮಾತು ಹೇಳಿದ: ಈ ಮದುವೆಯೊಳಗೆ ನೀರು ತಿಳಿಯಾಗದಿದ್ದರೆ ಕೊಳಕ್ಕೆ ಮಣ್ಣು ತುಂಬಿಸಿ ಮೇಲೆ ಹುಲ್ಲು ಹಾಸುತ್ತೇನೆ. ಅವನಿಗೆ ಅದು ಕೊಳದ ಮಾತು. ನನಗೆ ಅದು ಮೊಣಕಾಲಿನ ಮಾತು. ಹುಲ್ಲಿನ ಮೇಲೆ ನಡೆಯಿರಿ ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ.

ಎಲ್ಲರೂ ತಮಗೆ ಗೊತ್ತಿದ್ದದ್ದನ್ನು ಮಾಡಿದರು. ಕೋಸಗಿಯಿಂದ ಬಂದ ಎಲೆಕ್ಟ್ರಿಷಿಯನ್ ಯಂತ್ರದ ಕೆಂಪು ದೀಪ ನೋಡಿ, ಕರೆಂಟು ಬರುತ್ತಿದೆ, ಇನ್ನೇನಿದ್ದರೂ ನೀರಿನ ತಪ್ಪು ಎಂದ. ಬೀಗತಿ ಇದು ದೃಷ್ಟಿಯೇ ಎಂದು ಡಬ್ಬಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಯಂತ್ರ ಮಾರಿದ ಕಂಪನಿಯ ಹೈದರಾಬಾದಿನ ಮನುಷ್ಯ ಫೋನ್ ಎತ್ತಲಿಲ್ಲ.

ಉಳಿದವಳು ನಾನು. ಮೂರನೇ ಜಮಾತಿಗೆ ಶಾಲೆ ಬಿಟ್ಟರೂ ಮಗ್ಗ ಬಿಟ್ಟವಳಲ್ಲ. ನಾರಾಯಣಪೇಟೆಯ ನಮ್ಮ ಮಗ್ಗದ ತಲೆಯ ಮೇಲೆ, ಸೀರೆಯ ಅಂಚಿನ ಚಿತ್ತಾರಕ್ಕೆಂದು, ಡಾಬಿ ಎಂಬ ಸಾಧನ ಕೂತಿರುತ್ತದೆ. ಅದರ ಪಟ್ಟಿಗಳಿಗೆ ಸಣ್ಣ ಗೂಟ ಚುಚ್ಚಿರುತ್ತಾರೆ. ಗೂಟ ಎದ್ದಿರುವಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಮಲಗಿರುತ್ತದೆ. ಟೈಮರ್ ನೋಡಿದ ಕೂಡಲೇ ಗುರುತು ಸಿಕ್ಕಿತು: ಇದು ದುಂಡಗಿನ ಡಾಬಿ, ಅಷ್ಟೇ. ಪಂಪು ಓಡುವ ಬೆಳಗಿನ ಹೊತ್ತಿನ ಕೆಲವು ಮೊಳೆ, ಮಲಗಿದ ಎಳೆಯಂತೆ, ಒಳಗೆ ಒತ್ತಿಕೊಂಡಿದ್ದವು, ಉಳಿದವೆಲ್ಲ ಎದ್ದು ನಿಂತಿದ್ದವು. ಯಾವನೋ ತಲೆಕೆಟ್ಟವನು ತಿರುವುಮುರುವು ಮಾಡಿದ್ದಾನೆ ಎಂದು, ಒತ್ತಿದ್ದನ್ನು ಎಬ್ಬಿಸಿದೆ, ಎದ್ದದ್ದನ್ನು ಒತ್ತಿದೆ. ಯಾರಿಗೂ ಹೇಳಲಿಲ್ಲ. ನೀರು ತಿಳಿಯಾದ ಮೇಲೆ ಹೇಳಿದರೆ ಹೆಚ್ಚು ಶೋಭೆ.

ತಿಳಿಯಾಯಿತು. ಮದುವೆಯ ಮುನ್ನಾದಿನದ ಹೊತ್ತಿಗೆ ಕೊಳದ ತಳದ ಟೈಲ್ಸ್ ಎಣಿಸಬಹುದಿತ್ತು. ಬೀಗತಿ ನಿಂಬೆಹಣ್ಣಿಗೆ ಕೈ ಮುಗಿದರು. ನಾನು ಒಳಗೊಳಗೇ ನಕ್ಕು ನೀರಿಗಿಳಿದೆ. ಮೂಗು ಉರಿಯಿತು, ಕಣ್ಣು ಉರಿಯಿತು. ಮೇಲೆ ಬಂದು ನೋಡಿದರೆ ನನ್ನ ಕೆಂಪು ನಾರಾಯಣಪೇಟೆ ಸೀರೆ ಎದೆಯಿಂದ ಕೆಳಗೆ ತಾಂಬೂಲ ತೊಳೆದ ನೀರಿನ ಬಣ್ಣಕ್ಕೆ ಬಂದಿತ್ತು.

ಬೀಗತಿ ಗದ್ವಾಲದವರು, ಅದೂ ಸೀರೆಗೆ ಹೆಸರಾದ ಊರೇ. ಸುಮ್ಮನಿದ್ದಾರೆಯೇ? "ನಿಮ್ಮ ಪ್ಯಾಟಿ ಬಣ್ಣ ಇಷ್ಟ ನೋಡ್ರಿ, ಬೀಗತ್ಯಾರ. ಗದ್ವಾಲ ಸೀರಿ ಆಗಿದ್ರ ಹಿಂಗ ಬಿಡ್ತಿದ್ದಿಲ್ಲ."

ಈಗ ನನಗೆ ಎರಡೇ ದಾರಿ. ನಮ್ಮ ಊರಿನ ಬಣ್ಣ ಕೆಟ್ಟದ್ದು, ಇಲ್ಲವೇ ನನ್ನ ರಿಪೇರಿ ಕೆಟ್ಟದ್ದು. ಮೂರನೆಯ ದಾರಿಯೂ ಹೊಳೆಯಿತು, ಸುಳ್ಳೇಕೆ ಹೇಳಲಿ: ಸುಮ್ಮನಿದ್ದರೆ ನಾಳೆ ಗದ್ವಾಲದ ಸೀರೆಗಳೇ ಈ ನೀರಿಗಿಳಿದು ಬೀಗತಿಗೆ ಉತ್ತರ ಕೊಡುತ್ತವೆ. ಆ ಯೋಚನೆ ಬಹಳ ರುಚಿಯಾಗಿತ್ತು. ಆದರೆ ಇಳಿಯುವವರಲ್ಲಿ ಮಕ್ಕಳೂ ಇರುತ್ತಾರೆ, ಮಕ್ಕಳಿಗೆ ಕಣ್ಣೂ ಇರುತ್ತವೆ. ಹೇಳಿದರೆ ಅಳಿಯ ನನ್ನನ್ನು ಕೊಳದ ಹತ್ತಿರ ಬಿಡುವುದಿಲ್ಲ ಎಂದು ಗೊತ್ತಿತ್ತು. ಆದರೂ ಹೇಳಿದೆ.

ಅಳಿಯ ನನ್ನ ಸೀರೆ ನೋಡಿದ, ಡಬ್ಬಿ ನೋಡಿದ, ಫೋನ್ ಮಾಡಿದ. ಆ ದಿನವೇ ಹೈದರಾಬಾದಿನವನು ಎತ್ತಬೇಕೆ? ಅವನು ತೆಲುಗಿನಲ್ಲಿ ಕೇಳಿದ್ದು ಒಂದೇ: ಬಾಣ ಎಷ್ಟು ಗಂಟೆ ತೋರಿಸುತ್ತಿದೆ? ಅಳಿಯ ಬಗ್ಗಿ ನೋಡಿದ. ಹೊರಗೆ ನೆತ್ತಿ ಸುಡುವ ಬಿಸಿಲು, ಟೈಮರಿನಲ್ಲಿ ನಡುರಾತ್ರಿ.

ಆಗ ಎಲ್ಲ ತಿಳಿಯಿತು. ಹೊಸ ರಾಜ್ಯ ಬರುವ ಮುಂಚೆ ಕರೆಂಟು ಪಾಳಿಯ ಮೇಲೆ ಬರುತ್ತಿತ್ತು. ಬಂದಾಗ ಹಿಟ್ಟು ಬೀಸಿಕೋ, ನೀರು ಏರಿಸಿಕೋ. ಹೋದರೆ ಯಾವ ಗಡಿಯಾರ ನಿಂತಿದೆ ಎಂದು ಮನೆಯವರೆಲ್ಲ ನೋಡುತ್ತಿದ್ದರು. ಈಗ ಹಗಲೂ ರಾತ್ರಿ ಇರುತ್ತದೆಂದು ಆ ಅಭ್ಯಾಸವೇ ಬಿಟ್ಟುಹೋಗಿದೆ. ಆದರೆ ಗಾಳಿಗೆ ಕೊಂಬೆ ಬಿದ್ದರೆ ಯಾವ ರಾಜ್ಯದ ಕರೆಂಟೂ ಹೋಗುತ್ತದೆ. ಹೋದಾಗ ಬಿಲ್ಲೆ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದಲೇ ಶುರುಮಾಡುತ್ತದೆ, ನಿದ್ದೆಯಿಂದ ಎದ್ದು ಹಳೆಯ ಜಗಳ ಮುಂದುವರಿಸುವವರ ಹಾಗೆ. ಹೀಗೆ ಹಿಂದೆ ಬಿದ್ದು ಬಿದ್ದು, ಪಂಪು ಓಡುವಾಗ ಯಂತ್ರ ಮಲಗಿರುತ್ತಿತ್ತು, ಯಂತ್ರ ಎದ್ದಾಗ ಪಂಪು ಮಲಗಿರುತ್ತಿತ್ತು. ಮೊಳೆ ಒತ್ತಿದರೆ ಯಂತ್ರ ಓಡುವುದಂತೆ, ಎದ್ದಿದ್ದರೆ ನಿಲ್ಲುವುದಂತೆ. ನಾನು ತಿರುವಿ ಹಾಕಿದ ಮೇಲೆ ಪಂಪು ಓಡಿದಷ್ಟು ಹೊತ್ತೂ ಯಂತ್ರ ಕ್ಲೋರಿನ್ ಕಕ್ಕಿತ್ತು. ಮೊಳೆಗಳನ್ನು ಮೊದಲಿನಂತೆ ಮಾಡಿ, ಬಿಲ್ಲೆಯನ್ನು ಸರಿಯಾದ ಗಂಟೆಗೆ ತಿರುಗಿಸಿ, ಇವತ್ತು ಯಂತ್ರ ನಿಲ್ಲಿಸಿ, ಬಿಸಿಲು ಹೆಚ್ಚಿನ ಕ್ಲೋರಿನ್ನನ್ನು ತಿಂದುಕೊಳ್ಳುತ್ತದೆ ಎಂದ ಹೈದರಾಬಾದಿನವನು.

ಅಳಿಯ ಫೋನ್ ಇಟ್ಟು, "ಅತ್ತೀ, ಇನ್ನ ಮ್ಯಾಲ ಈ ಡಬ್ಬಿ ಮುಟ್ಟಬ್ಯಾಡ್ರಿ," ಎಂದ.

"ಮುಟ್ಟಂಗಿಲ್ಲ. ಕರೆಂಟ್ ಹೋಗಿ ಬಂದಾಗ ತಿರುಗಸಾಕ ಯಾರು ಬರ್ತಾರ, ಅದೊಂದು ಹೇಳ್ರಿ ಅಳಿಯಾರ."

ಅವನು ಕಾವಲುಗಾರನ ಕಡೆ ನೋಡಿದ. ಕಾವಲುಗಾರ ಗೇಟಿನ ಕಡೆ ನೋಡಿದ. ಬೀಗತಿ ನಿಂಬೆಹಣ್ಣಿನ ಕಡೆ ನೋಡಿದರು. ದಿನಾ ಈ ನೀರಿಗೆ ಇಳಿಯುವವಳು ಊರಿಗೆಲ್ಲ ನಾನೊಬ್ಬಳೇ. ಅಳಿಯ ಬಿಲ್ಲೆ ತಿರುಗಿಸುವುದನ್ನು ನನಗೇ ತೋರಿಸಿಕೊಟ್ಟ, ಮೊಳೆ ಮಾತ್ರ ಮುಟ್ಟಕೂಡದೆಂಬ ಕರಾರಿನ ಮೇಲೆ.

ಮದುವೆಯಲ್ಲಿ ಒಬ್ಬರೂ ನೀರಿಗಿಳಿಯಲಿಲ್ಲ. ಹೂವಿನ ಪಕಳೆ ತೇಲಿಬಿಟ್ಟು, ದಡದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಊಟಕ್ಕೆ ಹೋದರು. ಫೋಟೊದಲ್ಲಿ ನೀರು ಚೆನ್ನಾಗಿ ಬಂದಿದೆ ಎಂದು ಅಳಿಯ ಮಣ್ಣಿನ ಮಾತು ಬಿಟ್ಟ.

ಮೊನ್ನೆ ಬೀಗತಿ ದಡದಲ್ಲಿ ಕೂತು, ತಮಗೂ ಮೊಣಕಾಲು ಹಿಡಿಯುತ್ತದೆ ಎಂದು ಮೊದಲ ಸಲ ಒಪ್ಪಿಕೊಂಡರು. ಇಳಿಯಿರಿ ಎಂದೆ. ಯಾರಾದರೂ ನೋಡಿದರೆ ಎಂದರು. ನೋಡಿ ನಗುವವರು ನೀವೊಬ್ಬರೇ, ನೀವೂ ಇಳಿದರೆ ಯಾರೂ ಉಳಿಯುವುದಿಲ್ಲ ಎಂದೆ. ಇಳಿದರು. ನಡುನೀರಿಗೆ ಬಂದಾಗ ಪಂಪಿನ ಸದ್ದು ನಿಂತಿತು. ಕರೆಂಟು ಹೋಗಿತ್ತು.

"ಡಬ್ಬಿ ನಿಂತಿರ್ತೈತಿ. ಹೋಗಿ ಟೈಮ್ ಸರಿ ಮಾಡ್ರಿ," ಎಂದರು ಬೀಗತಿ, ನನ್ನ ತೋಳು ಬಿಡದೆ.

"ಕರೆಂಟ್ ಬಂದ ಮ್ಯಾಲ ಮಾಡ್ತೀನಿ. ಅಲ್ಲೀತನಕ ನಡೀರಿ."

ನಡೆದೆವು. ಎಷ್ಟು ಹೊತ್ತು ಎಂದು ನನ್ನನ್ನು ಕೇಳಬೇಡಿ. ಟೈಮ್ ಸರಿ ಮಾಡಬೇಕಾದವಳೇ ನೀರಿನಲ್ಲಿದ್ದಳು.