ಗುಂಡಿ ಕೂರದ ಕೋಟು

ಊರಿಗೆಲ್ಲ ಆಕೆ ಕತ್ತರಿಯಕ್ಕ. ಬಟ್ಟೆ ಹೊಲಿಯುವವಳಾದ್ದರಿಂದ ಆ ಹೆಸರು ಬಂತೆಂದು ಹೊಸಬರು ತಿಳಿಯುತ್ತಾರೆ. ಅವಳ ನಾಲಿಗೆಗೆ ಸಿಕ್ಕಿದವರು ಹಾಗೆ ತಿಳಿಯುವುದಿಲ್ಲ. ಈಗ ಕೆಲವು ತಿಂಗಳಿಂದ ಅವಳಿಗೆ ಮುಟ್ಟು ಬಂದರೆ ನಿಲ್ಲುವುದೇ ಇಲ್ಲ. ಮೊನ್ನೆ ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ ಕಣ್ಣು ಕತ್ತಲಿಟ್ಟು ಉರುಳಿಬಿದ್ದಳು.

ವಾರಕ್ಕೊಮ್ಮೆ ಪಕ್ಕದ ಊರಿಂದ ಬರುವ ಡಾಕ್ಟರು ತಲೆಯನ್ನೇ ಎತ್ತಲಿಲ್ಲ. "ವಯಸ್ಸಾಯ್ತಲ್ಲಮ್ಮ, ಮುಟ್ಟು ನಿಲ್ಲೋ ಕಾಲ. ಇದೆಲ್ಲ ಇದ್ದದ್ದೇ," ಎಂದು ಶಕ್ತಿಯ ಮಾತ್ರೆ ಬರೆದ. ಹೊಟ್ಟೆ ಮುಟ್ಟಿಯೂ ನೋಡಲಿಲ್ಲ. ಹರಿದದ್ದೆಲ್ಲಿ ಎಂದು ನೋಡದೆ ತೇಪೆ ಹಾಕುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತದೆ. ಚೀಟಿಯನ್ನು ಅವನ ಮೇಜಿನ ಮೇಲೇ ಒಗೆದು ಬಂದಳು.

ಊರಲ್ಲಿ ಇನ್ನು ಉಳಿದದ್ದು ಒಬ್ಬಳೇ ಹೆಂಗಸರ ಡಾಕ್ಟರು. ಅವಳ ಮೆಟ್ಟಿಲು ಹತ್ತುವುದಕ್ಕಿಂತ ಸಾಯುವುದೇ ವಾಸಿ ಎಂದು ಕತ್ತರಿಯಕ್ಕ ಬೀದಿಗೆಲ್ಲ ಸಾರಿಯಾಗಿತ್ತು. ಎರಡು ವರ್ಷದ ಹಿಂದೆ ಆ ಡಾಕ್ಟರಮ್ಮ ಬಿಳಿ ಕೋಟು ಹೊಲಿಸಿಕೊಂಡು, ಗುಂಡಿ ಕೂರುತ್ತಿಲ್ಲ, ಅಳತೆ ತಪ್ಪಿದೆ ಎಂದು ವಾಪಸು ತಂದಿದ್ದಳು. ಅಳತೆ ತಪ್ಪುವುದೆಂದರೇನು! ಕತ್ತರಿಯಕ್ಕ ಅಂಗಡಿ ತುಂಬ ಗಿರಾಕಿಗಳಿದ್ದಂತೆಯೇ ಆಕೆಯ ಸೊಂಟಕ್ಕೆ ಟೇಪು ಸುತ್ತಿ, "ನನ್ನ ಅಳತೆ ಸರಿಯಾಗೇ ಇದೆ, ಬೆಳೆದಿರೋದು ನಿಮ್ಮ ಹೊಟ್ಟೆ. ಸ್ವಲ್ಪ ಬಾಯಿ ಕಟ್ಟಿ!" ಎಂದು ಕೂಗಿದ್ದಳು. ಎಲ್ಲರೂ ನಕ್ಕರು. ಡಾಕ್ಟರಮ್ಮ ಕೋಟನ್ನು ಅಲ್ಲೇ ಬಿಟ್ಟು ಹೋದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

"ಹಟ ಹಿಡ್ಕೊಂಡು ಸಾಯ್ತೀಯಾ? ಸಾಯಿ. ಅಂಗಡಿ ಬಾಗಿಲು ನಾನೇ ಹಾಕ್ತೀನಿ," ಎಂದ ಗಂಡ. ಅವನಿಗೆ ಆ ಸುಖ ಕೊಡಬಾರದೆಂದೇ ಅವಳು ಎದ್ದಳು. ಕೋಟಿನ ಹೊಲಿಗೆ ಬಿಚ್ಚಿ, ಸೊಂಟ ಸಡಿಲ ಮಾಡಿ, ಇಸ್ತ್ರಿ ಹಾಕಿ, ಅದನ್ನು ಹಿಡಿದುಕೊಂಡು ಡಾಕ್ಟರಮ್ಮನ ಆಸ್ಪತ್ರೆಗೆ ಹೊರಟಳು.

ಡಾಕ್ಟರಮ್ಮ ಮುಗುಳ್ನಗಲೂ ಇಲ್ಲ, ಬೈಯಲೂ ಇಲ್ಲ. ಮಂಚ ತೋರಿಸಿದಳು. ತಣ್ಣನೆಯ ಬೆರಳುಗಳು ಹೊಟ್ಟೆಯನ್ನು ಮೂಲೆಮೂಲೆಯೂ ಬಿಡದೆ ಒತ್ತಿ ನೋಡಿದವು. ಕತ್ತರಿಯಕ್ಕನೇ ಮೊದಲು ಬಾಯಿ ಬಿಟ್ಟಳು.

"ಕೋಟು ಸಡಿಲ ಮಾಡಿ ತಂದಿದ್ದೀನಿ."

"ಬೇಕಾಗಿಲ್ಲ. ಈಗ ಹಳೇ ಅಳತೆನೇ ಸಾಕು." ಬೆರಳು ಒಂದು ಕಡೆ ನಿಂತಿತು. "ಅವತ್ತು ನಾನು ಬಸುರಿ. ಮನೇಲೂ ಹೇಳಿರಲಿಲ್ಲ, ನಿಮ್ಮ ಟೇಪಿಗೆ ಮೊದಲು ಗೊತ್ತಾಯ್ತು. ಮಗು ಉಳೀಲಿಲ್ಲ."

ಕತ್ತರಿಯಕ್ಕನ ಬಾಯಿ ತೆರೆಯಿತು, ಮಾತು ಬರಲಿಲ್ಲ. ಅವಳ ಜನ್ಮದಲ್ಲಿ ಹಾಗಾದದ್ದು ಅದೇ ಮೊದಲು. ನಾಚಿಕೆಯಿಂದ ಗೋಡೆಯ ಕಡೆ ಮುಖ ತಿರುಗಿಸಿದಳು.

"ಉಸಿರು ಬಿಗಿ ಹಿಡೀಬೇಡಿ. ಗರ್ಭಕೋಶದಲ್ಲಿ ಗಡ್ಡೆ ಇದೆ, ಅದಕ್ಕೇ ರಕ್ತ ಹೋಗ್ತಿರೋದು. ಆಪರೇಷನ್ ಆಗ್ಬೇಕು."

"ನೀವೇ ಮಾಡ್ತೀರಾ? ನನ್ನ ಮೇಲೆ ಸಿಟ್ಟಿಲ್ವಾ?"

"ಇದೆ. ಅದು ಹೋಗಲ್ಲ." ಡಾಕ್ಟರಮ್ಮ ಕೈ ತೊಳೆಯಲು ನಲ್ಲಿ ತಿರುಗಿಸಿದಳು. "ಗಡ್ಡೆ ತೆಗೀತೀನಿ. ಸೋಮವಾರ ಖಾಲಿ ಹೊಟ್ಟೇಲಿ ಬನ್ನಿ. ಆ ಕೋಟು ಮಾತ್ರ ಇಲ್ಲಿಂದ ತಗೊಂಡು ಹೋಗಿ."